ಪಿಚರನ ಬೆನ್ನ ಹಿಂದಿನ ಪವಿತ್ರ ಸ್ಥಾನ

ಸನ್ಮಿತ್ರರೇ, ಇವತ್ತು ಬೆಳಿಗ್ಗೆ ಕುಂದಾಪುರದ ಮೈದಾನದಲ್ಲಿ ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡದ ಆಯ್ಕೆ. ಅಂಪೈರ್ ಪದವಿಯನ್ನು ನಾನು ವಿನಮ್ರನಾಗಿ ಸ್ವೀಕರಿಸಿದೆ.

ಗಂಗೊಳ್ಳಿಯ ಸುಕೇಶ ಮೊದಲ ಬೇಸ್‌ನಲ್ಲಿದ್ದ. ಎರಡನೆಯದನ್ನು ಓಡಿ ಮುಟ್ಟಿದರೆ ಮಾತ್ರ ಅವನಿಗೆ ತಂಡದಲ್ಲಿ ಜಾಗ. ನಾನು ಕ್ರಿಕೆಟ್ಟಿನ ಅಭ್ಯಾಸದಂತೆ ಸ್ಕ್ವೇರ್ ಲೆಗ್ಗಿಗೆ ಹೋಗಿ ಕೈಕಟ್ಟಿ ನಿಂತೆ.

"ಹ್ವಾಯ್, ಅಲ್ಲೆಂತ ಮಾಡ್ತೆ? ಬೇಸ್ ಮೇಲೆ ಜನ ಇದ್ರೆ ಒಳ್ಗ್ ಬಾ. ಪಿಚರನ ಬೆನ್ನ ಹಿಂದ್ ನಿಲ್ಲ್," ಎಂದರು ಕೋಚ್.

"ಎಂತಕೆ ಸರ್?"

"ಅವ ಎರಡ್ನೇ ಬೇಸ್ ಕದೂಕ್ ಓಡ್ರೆ ಅಷ್ಟ್ ದೂರದಿಂದ ನಿಂಗೆಂತ ಕಾಂತ್?"

ನ್ಯಾಯವಾದ ಪ್ರಶ್ನೆ. ಬ್ಯಾಟರ್ ಚೆಂಡು ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸಿಗೆ ಓಡುವುದಕ್ಕೆ ಈ ಆಟದಲ್ಲಿ ಕದಿಯುವುದು ಎನ್ನುತ್ತಾರೆ. ಒಳಗೆ ಹೋಗಿ, ಬ್ಯಾಟರನಿಗೆ ಚೆಂಡೆಸೆಯುವ ಪಿಚರನ ಹಿಂದೆ ಗಂಭೀರವಾಗಿ ನಿಂತೆ. ಸುಕೇಶ ಓಡಿದ. ಬ್ಯಾಟರನ ಹಿಂದೆ ಕುಳಿತಿದ್ದ ಕ್ಯಾಚರ್ ಎರಡನೇ ಬೇಸಿಗೆ ಎಸೆದ ಚೆಂಡು ನೇರ ನನ್ನ ಮೂಗಿನತ್ತಲೇ ಬಂತು. ತಪ್ಪಿಸಿಕೊಳ್ಳಲು ನಾನು ಹಿಂದೆ ತಿರುಗಿ ಹುಲ್ಲಿನ ಮೇಲೆ ಬೋರಲು ಬಿದ್ದೆ; ಚೆಂಡು ನನ್ನ ಮೇಲಿಂದ ಹಾದು ಬೇಸ್ ಕಾಯುವವನ ಗ್ಲೌಸ್ ಸೇರಿತು. ಅಲ್ಲಿಂದ ನೋಡಿದರೆ ಎರಡನೇ ಬೇಸ್ ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಔಟ್ ಮಾಡಲು ಚಾಚಿದ ಆ ಗ್ಲೌಸ್ ಮೈಗೆ ತಾಗುವ ಮೊದಲೇ ಸುಕೇಶನ ಕಾಲು ಬೇಸ್ ಮುಟ್ಟಿದ್ದು ಎಷ್ಟು ಚೆನ್ನಾಗಿ ಕಂಡಿತೆಂದರೆ, ಮಲಗಿದಲ್ಲೇ ಎರಡೂ ಕೈ ಚಾಚಿ "ಸೇಫ್" ಎಂದೆ.

ಬೇಸ್ ಕಾಯುತ್ತಿದ್ದ ಉಪ್ಪುಂದದ ಗಣಪ ಒಪ್ಪಲಿಲ್ಲ. "ಸರ್, ಅಂಪೈರ್ ಮನಿಕಂಡಿದ್ದ."

ನಮ್ಮ ಕಡೆ ಮಲಗಿದ್ದಕ್ಕೂ ನಿದ್ದೆ ಮಾಡಿದ್ದಕ್ಕೂ ಅದೊಂದೇ ಮಾತು. ಕೋಚ್ ನನ್ನ ಹತ್ತಿರ ಬಂದು, "ಕಣ್ಣ್ ಬಿಟ್ಕಂಡಿದ್ಯಾ?" ಎಂದರು.

"ಕಣ್ಣ್ ಬಿಟ್ಕಂಡೇ ಮನಿಕಂಡಿದ್ದೆ ಸರ್."

ಸುಕೇಶ ಈಗ ತಂಡದಲ್ಲಿದ್ದಾನೆ. ಬೇಸ್ ಮೇಲೆ ಓಟಗಾರ ಇದ್ದಾಗ ಅಂಪೈರ್ ಎಲ್ಲಿ ನಿಲ್ಲಬೇಕೆಂದು ಯಾರು ಕೇಳಿದರೂ ಹೇಳುತ್ತೇನೆ. ಎಷ್ಟು ಹೊತ್ತು ನಿಲ್ಲಬೇಕೆಂದು ಮಾತ್ರ ಕೇಳಬೇಡಿ.