ಹರಿಹರದಲ್ಲಿ ನೋಡಿದ ಉಳಿದರ್ಧ ಸಿನಿಮಾ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಚಿತ್ರದುರ್ಗದಲ್ಲಿ ದಾವಣಗೆರೆಯ ಸರ್ಕಾರಿ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಕೊಟ್ಟ ಟಿಕೆಟ್ಟಿನ ಮೇಲೆ ಸೊನ್ನೆ ರೂಪಾಯಿ ಎಂದಿತ್ತು. ಅರವತ್ತು ಕಿಲೋಮೀಟರಿನ ದಾರಿ. ಮಾರ್ಚ್ ತಿಂಗಳ ಬಿಸಿಲು ಕಿಟಕಿಯ ಪಕ್ಕ ಕೂತವರನ್ನು ಆಗಲೇ ಸುಡತೊಡಗಿತ್ತು. ನಾನು ಹೊರಟಿದ್ದು ಹರಿಹರದಲ್ಲಿ ಒಂದು ಹಳೆಯ ಸಿನಿಮಾ ನೋಡುವುದಕ್ಕೆ. ಒಬ್ಬಳೇ ಅಲ್ಲ, ಮಾಬವ್ವನ ಜೊತೆಗೆ.

ಮಾಬವ್ವ ನಮ್ಮ ಹಳೆಯ ನೆರೆಯವರು. ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದಾಗ ವಿನೋಬನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಗಂಡ ಇಮಾಮ್ ಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನಮ್ಮ ಮನೆಗೆ ಟಿ.ವಿ. ಬಂದ ಮೇಲೆ, ಭಾನುವಾರದ ಸಿನಿಮಾ ಶುರುವಾಗುವ ಹೊತ್ತಿಗೆ ಮಾಬವ್ವ ಬಾಗಿಲಲ್ಲಿ ನಿಂತು ಹೆಸರು ಕೇಳುತ್ತಿದ್ದರು. ಹೇಳಿದರೆ, "ಅದಲ್ಲ ಬಿಡು" ಎಂದು ಹೊರಟುಬಿಡುತ್ತಿದ್ದರು. ಅವರು ಕಾಯುತ್ತಿದ್ದ ಚಿತ್ರ ಟಿ.ವಿ.ಯಲ್ಲಿ ಒಮ್ಮೆಯೂ ಬರಲಿಲ್ಲ. ಹೋದ ತಿಂಗಳು ಹರಿಹರದ ಹಳೆ ಸಿನಿಮಾ ಪ್ರಿಯರು ಕಳಿಸಿದ ವಾಟ್ಸಾಪ್ ಪಟ್ಟಿಯಲ್ಲಿ ಆ ಹೆಸರು ಕಂಡಾಗ, ನಾನು ಮೊದಲು ಫೋನ್ ಮಾಡಿದ್ದು ಅವರಿಗೆ.

ಹತ್ತಕ್ಕೆ ಆಟೋದಲ್ಲಿ ವಿನೋಬನಗರ ತಲುಪಿದೆ. ಮಗ ದಾದಾಪೀರ್ ಈಗ ಅದೇ ಮನೆಯ ಮುಂದೆ ಗಾದಿ ಅಂಗಡಿ ಇಟ್ಟಿದ್ದಾನೆ. ಐವತ್ತು ದಾಟಿದ ಗಂಡಸು. ನೆಲದ ಮೇಲೆ ಹಾಸಿದ ಗಾದಿಗೆ ದಬ್ಬಣದಿಂದ ಟಾಕಿ ಹಾಕುತ್ತಿದ್ದ.

"ಮೊಬೈಲ್‌ನಾಗ ಹುಡುಕಿದೆ ಅಕ್ಕಾ, ಸಿಗಲಿಲ್ಲ. ಅವ್ವಗ ಮಣಕಾಲು ನೋವೈತೆ, ಬ್ಯಾಡ ಅಂದ್ರ ಕೇಳಂಗಿಲ್ಲ. ಅಂಥಾದ್ದೇನೈತಿ ಆ ಪಿಚ್ಚರ್‌ನಾಗ?"

ಮಾಬವ್ವ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬೆಳಗ್ಗಿನಿಂದ ತಯಾರಾಗಿ ಕೂತಿದ್ದರಂತೆ. ನನಗೆ ಮಂಡಕ್ಕಿ ಒಗ್ಗರಣೆ ತಿನ್ನಿಸಿ, ಟೀ ಕುಡಿಸಿ, ನಾನು ಲೋಟ ಕೆಳಗಿಡುವ ಮೊದಲೇ ಚಪ್ಪಲಿ ಮೆಟ್ಟಿದರು.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮಾಬವ್ವ ತಮ್ಮ ಕಥೆ ಹೇಳಿದರು. ನನಗೂ ಅದು ಗೊತ್ತಿರಲಿಲ್ಲ.

ಮದುವೆಯಾದ ಮರುವರ್ಷ, ಏಳು ತಿಂಗಳ ಬಸುರಿಯಾಗಿದ್ದಾಗ ಗಂಡನ ಜೊತೆ ಆ ಸಿನಿಮಾಕ್ಕೆ ಹೋಗಿದ್ದರು. ಹೊಳೆಯ ಪ್ರವಾಹದಲ್ಲಿ ಕೂಸನ್ನು ಕಳಕೊಂಡ ತಾಯಿಯೊಬ್ಬಳು ಊರೂರು ಹುಡುಕುವ ಕಥೆ. ಮಧ್ಯಂತರದಲ್ಲಿ ಮಾಬವ್ವನಿಗೆ ನೋವು ಕಾಣಿಸಿಕೊಂಡಿತು. ಜಟಕಾದಲ್ಲಿ ಆಸ್ಪತ್ರೆಗೆ ಸೇರಿಸಿದರು. ಕೂಸು ಉಳಿಯಲಿಲ್ಲ.

"ಎಂಟು ದಿನಕ್ಕ ನಮ್ಮನಿಯವರು ಒಬ್ಬರ ಹೋಗಿ ಆ ಪಿಚ್ಚರ್ ಪೂರಾ ನೋಡ್ಕಂಡು ಬಂದ್ರು. ನನಗ ಎಂಥಾ ಸಿಟ್ಟು ಬಂತು ಅಂತಿ! ಮನ್ಯಾಗ ಹಿಂಗ ಆಗೇತಿ, ಇವರಿಗೆ ಸಿನಿಮಾ ಬೇಕಾ? ಗ್ವಾಡಿ ಕಡಿಗೆ ತಿರುಗಿ ಮಲಗಿದೆ. ಅವರು ಬೆನ್ನ ಹಿಂದ ಕೂತು ಹೇಳಿದ್ರು, 'ಕೂಸು ಸಿಕ್ತು ಕಣೇ. ಅಂಬಿಗರ ಮನ್ಯಾಗ ಬೆಳೀತಿತ್ತು. ತಲಿಗೆ ಕೆಂಪು ಕುಲಾಯಿ ಹಾಕ್ಕೊಂಡು ಓಡಿ ಬಂದು ತಾಯಿ ತೊಡೆ ಹತ್ತಿತು' ಅಂತ."

ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಸಿಟ್ಟಿದ್ರೂ ಆ ಮಾತು ಮನಸಿನಾಗ ಕುಂತುಬಿಡ್ತು. ಯಾರದಾರ ಕೂಸು ಸಿಕ್ತಲ್ಲ ಅಂತ. ಅದನ್ನ ಕಣ್ಣಿಂದ ನೋಡಬೇಕು ಅಷ್ಟ."

ಇಮಾಮ್ ಸಾಬರು ತೀರಿ ನಾಲ್ಕು ವರ್ಷವಾಗಿದೆ.

ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿ. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ನಲವತ್ತು ಕುರ್ಚಿ, ಮೇಲೆ ಗಡಗಡ ಎನ್ನುವ ಎರಡು ಫ್ಯಾನು. ನಿವೃತ್ತ ಮೇಷ್ಟ್ರು ರುದ್ರಪ್ಪನವರು ಇದನ್ನು ನಡೆಸುವವರು. "ಬರ್ರಿ ಅಮ್ಮಾ, ಮುಂದ ಕೂಡ್ರಿ, ಚಲೋ ಕಾಣ್ತೈತೆ" ಎಂದು ಮಾಬವ್ವನನ್ನು ತಾವೇ ಕೈಹಿಡಿದು ಕೂರಿಸಿದರು.

ಚಿತ್ರ ಶುರುವಾಯಿತು. ಪ್ರತಿಯ ತುಂಬ ಗೀರುಗಳು, ದನಿ ಅಲ್ಲಲ್ಲಿ ಗೊಗ್ಗರು. ಆದರೆ ಮಾಬವ್ವ ಮುಂದಿನ ದೃಶ್ಯ ಬರುವ ಮೊದಲೇ ನನ್ನ ಕಿವಿಯಲ್ಲಿ ಹೇಳುತ್ತಿದ್ದರು: "ಈಗ ಮಳಿ ಬರ್ತೈತೆ... ಈಗ ಅತ್ತಿ ಬೈತಾಳ." 'ವಿಶ್ರಾಂತಿ' ಎಂಬ ಅಕ್ಷರ ಮೂಡಿದಾಗ ನನ್ನ ಮುಂಗೈ ಹಿಡಿದರು.

ಎಲ್ಲರಿಗೂ ಟೀ, ಬಿಸಿ ಮೆಣಸಿನಕಾಯಿ ಬಜ್ಜಿ ಬಂತು. ನಾನು ತರಲು ಹೋದಾಗ ಮೇಷ್ಟ್ರು ಮೆಲ್ಲಗೆ ಕೇಳಿದರು, "ನಿಮ್ಮ ಜೊತಿ ಬಂದವ್ರಿಗೆ ಹಾರ್ಟ್ ತೊಂದ್ರಿ ಏನಿಲ್ಲ ಹೌದಲ್ರಿ? ಹೋದ ಸಲ ತೋರಿಸಿದಾಗ ಒಬ್ರು ಅಜ್ಜಿ ಭಾಳ ಅತ್ರು. ಕೊನೀಗೆ ಕೂಸು ಸಿಗಂಗಿಲ್ಲ ನೋಡ್ರಿ."

ಇಮಾಮ್ ಸಾಬರು ಹೇಳಿದ್ದು ಸುಳ್ಳು! ಮಾಬವ್ವನಿಗೆ ಈಗಲೇ ಹೇಳಿಬಿಡಲೇ? ಏನಾದರೂ ನೆಪ ಹೇಳಿ ಎಬ್ಬಿಸಿಕೊಂಡು ಹೋಗಲೇ? ಐವತ್ತು ವರ್ಷಕ್ಕೂ ಮೀರಿ ಅವರು ಎದೆಯಲ್ಲಿಟ್ಟುಕೊಂಡದ್ದನ್ನು ಕಿತ್ತುಕೊಳ್ಳಲು ನಾನೇ ಕರೆತಂದಂತಾಗಿತ್ತು. ಪಕ್ಕದಲ್ಲಿ ಕೂತು, "ಮಣಕಾಲು ನೋಯ್ತಿದ್ರೆ ಹೋಗಾನ ಬರ್ರಿ. ಕಥಿ ಹೆಂಗೂ ನಿಮಗೆ ಗೊತ್ತೈತಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಈ ಸಲಾನೂ ಇಂಟ್ರವಲ್‌ಗ ಎಬ್ಬಿಸ್ತೀಯೇನು?"

ನಾನು ಬಜ್ಜಿ ಅವರ ಕೈಗಿಟ್ಟೆ.

ದ್ವಿತೀಯಾರ್ಧದಲ್ಲಿ ಮಾಬವ್ವ ಏನೂ ಹೇಳಲಿಲ್ಲ. ಅಂಬಿಗನ ಗುಡಿಸಲು ಬಂತು. ಒಳಗೆ ಕೂಸಿರಲಿಲ್ಲ, ದಡದಲ್ಲಿ ಅವನಿಗೆ ಸಿಕ್ಕಿದ್ದ ಒಂದು ಪುಟ್ಟ ಅಂಗಿ ಇತ್ತು. ತಾಯಿ ಅದನ್ನು ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತು, ಕೊನೆಗೆ ಹೊಳೆಗೆ ಬಿಟ್ಟಳು. ಚಿತ್ರ ಮುಗಿಯಿತು.

ಜಮಖಾನ ಬಿಚ್ಚಿದರು. ಬಿಸಿಲು ಒಳಗೆ ಬಂತು. ಜನ ಮೂಗೊರೆಸಿಕೊಳ್ಳುತ್ತ ಎದ್ದರು. ಮಾಬವ್ವ ಏಳಲಿಲ್ಲ. ಖಾಲಿ ಪರದೆಯತ್ತಲೇ ನೋಡುತ್ತಿದ್ದರು. ನಾನು ಭಯದಿಂದ ಅವರ ಕೈ ಮುಟ್ಟಿದೆ.

"ಕರಿ-ಬಿಳಿ ಪಿಚ್ಚರ್‌ನಾಗ ಕೆಂಪು ಕುಲಾಯಿ ಹೆಂಗ ಕಂಡೀತು?" ಎಂದರು. "ಇಷ್ಟು ವರ್ಷ ನನಗ ಹೊಳೀಲೇ ಇಲ್ಲ ನೋಡು." ನಗಲು ಹೋದರು, ನಗು ಅಲ್ಲೇ ಒಡೆಯಿತು.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಕೂಸನ್ನ ಮಣ್ಣು ಮಾಡಿ ಬಂದದ್ದು ಅವರೇ. ಎಂಟೇ ದಿನಕ್ಕ ಇಂಥಾದ್ದನ್ನ ಒಬ್ಬರ ಕೂತು ನೋಡ್ಯಾರ. ಮನೀಗೆ ಬರೋ ದಾರ್‍ಯಾಗ ನನಗೋಸ್ಕರ ಕಥಿ ಕಟ್ಯಾರ. ನಾನು ಹದಿನೈದು ದಿನ ಅವರ ಕೂಡ ಮಾತು ಬಿಟ್ಟಿದ್ದೆ. ಅವರಿಗೂ ದುಃಖ ಆಗೇತಿ ಅಂತ ಒಂದು ದಿನ ಕೇಳಲಿಲ್ಲ ನಾನು."

ರುದ್ರಪ್ಪ ಮೇಷ್ಟ್ರು ನೀರು ತಂದುಕೊಟ್ಟರು. ಮಾಬವ್ವ ಕುಡಿದು, ಅವರಿಗೆ ಕೈಮುಗಿದು, "ಪೂರಾ ತೋರಿಸಿದ್ರಿ, ಪುಣ್ಯ ಬರ್ಲಿ" ಎಂದರು.

ಮರಳುವ ಬಸ್ಸಿನಲ್ಲಿ ಅವರು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಮಾಡಿರಲಿಲ್ಲ. ವಿನೋಬನಗರ ತಲುಪಿದಾಗ ಐದು ಗಂಟೆ. ನನಗೆ ಆರೂವರೆಯ ಬಸ್ಸು.

ದಾದಾಪೀರ್ ಗಾದಿಯ ಕೊನೆಯ ಮೂಲೆಗೆ ಬಂದಿದ್ದ. "ಹೆಂಗಿತ್ತವ್ವಾ ಪಿಚ್ಚರ್?" ಎಂದ.

ಮಾಬವ್ವ ಹೊಸ್ತಿಲಲ್ಲಿ ಕೂತರು. "ದಾದೂ, ನಿನಗ ಒಬ್ಬಾಕಿ ಅಕ್ಕ ಇದ್ಲು. ನಿನಗಿಂತ ಮದ್ಲು ಹುಟ್ಟಿದಾಕಿ. ಉಳೀಲಿಲ್ಲ."

ದಬ್ಬಣ ಅವನ ಕೈಯಲ್ಲಿ ಅರ್ಧ ಚುಚ್ಚಿದ ಹಾಗೇ ನಿಂತಿತು. ಅವನು ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಏಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳುತ್ತಾನೆ ಅಂದುಕೊಂಡೆ. ಅವನು ಅದನ್ನು ಕೇಳಲಿಲ್ಲ.

"ಹೆಸರಿಟ್ಟಿದ್ರಾ?"

"ನಿಮ್ಮಪ್ಪ ಮೊದಲ ಆರಿಸಿ ಇಟ್ಟಿದ್ರು. ಹತ್ತಿ ಮನೀಗೆ ರೇಷ್ಮಿ ಬರ್ತೈತಿ ಅಂತಿದ್ರು. ರೇಷ್ಮಾ."

ದಾದಾಪೀರ್ ದಬ್ಬಣ ಬಿಟ್ಟು ಎದ್ದುಬಂದು ಅವ್ವನ ಪಕ್ಕ ಹೊಸ್ತಿಲಲ್ಲೇ ಕೂತ. ನಾನು ಹೇಳಿ ಹೊರಟೆ. ಬೀದಿಯ ತಿರುವಿನಲ್ಲಿ ಆಟೋದಿಂದ ಹಿಂತಿರುಗಿ ನೋಡಿದಾಗ, ಮಾಬವ್ವ ಕೈಯಾಡಿಸುತ್ತ ಏನನ್ನೋ ಹೇಳುತ್ತಿದ್ದರು. ಮಗ ತಲೆ ಬಗ್ಗಿಸಿ ಕೇಳುತ್ತಿದ್ದ.