ಮಖ್ಖಿಯ ಮೇಲಿನ ಗೆರೆ

ವಿರುಪಣ್ಣ ಕಿನ್ನಾಳದ ಚಿತ್ರಗಾರರ ಮನೆಯಲ್ಲಿ ಹುಟ್ಟಿದವನು. ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು ಮರದ ಗೊಂಬೆಗಳಿಗೆ ಹುಬ್ಬು ಬರೆಯುತ್ತಿದ್ದ. ಗೊಂಬೆಯಿಂದ ಹೊಟ್ಟೆ ತುಂಬದಾದಾಗ ಕೊಪ್ಪಳದ ಕಡೆಯ ಒಂದು ಠಾಣೆಯಲ್ಲಿ ಚಪರಾಸಿಯಾದ. ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಅವನ ಕೈಯ ನಯ ಕಂಡು ತಮ್ಮ ಪಂದ್ಯದ ಪಿಸ್ತೂಲನ್ನು ಒರೆಸಿಡುವ ಕೆಲಸವನ್ನೂ ಒಪ್ಪಿಸಿದರು.

1942ರ ಚಳಿಗಾಲದಲ್ಲಿ ಸಾಹೇಬರು ರಾಯಚೂರಿನ ಗುರಿಪಂದ್ಯಕ್ಕೆ ಹೋಗಿ ಸೋತು ಬಂದರು. ಗುಂಡುಗಳೆಲ್ಲ ಬಲಕ್ಕೆ ಹೋಗಿದ್ದವಂತೆ. ಬಂದವರೇ ಪಿಸ್ತೂಲಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದರು.

“ಯಾರೋ ಮಖ್ಖಿ ಸರಿಸ್ಯಾರ!”

ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಉಕ್ಕಿನ ತುಣುಕಿಗೆ ಠಾಣೆಯವರು ಮಖ್ಖಿ, ಅಂದರೆ ನೊಣ, ಎನ್ನುತ್ತಿದ್ದರು. ಅದು ಎಳ್ಳಿನಷ್ಟು ಜರುಗಿದರೆ ಗುಂಡು ಗೇಣುದ್ದ ತಪ್ಪುತ್ತದೆ.

ಪೆಟ್ಟಿಗೆ ಹೊತ್ತು ಸಂಗಡ ಹೋಗಿದ್ದ ಜವಾನ ದುರುಗಪ್ಪ ನಕ್ಕ. “ನೊಣಾ ತಾನಽ ಹಾರೂದಿಲ್ರಿ ಸಾಹೇಬ್ರ. ದಿನಾ ಅದರ ಮೈ ತಿಕ್ಕಾವರನ್ನ ಕೇಳ್ರಿ.”

ಮಾತು ವಿರುಪಣ್ಣನ ಮೇಲೆಯೇ ಬಂತು. ಆಯುಧ ಕೆಡಿಸಿದನೆಂಬ ಮಾತು ನಿಂತರೆ ನೌಕರಿಯಷ್ಟೇ ಹೋಗುವುದಿಲ್ಲ. ಬಾಗಿಲು ಕಾಯುವವನೇ ಕಂಬಿಯ ಒಳಗೆ ಕೂರಬೇಕಾದೀತು.

“ನಿಮ್ಮೆದುರಽ ನೋಡ್ತೀನ್ರಿ” ಎಂದ ವಿರುಪಣ್ಣ. ಸಾಹೇಬರು ಕುರ್ಚಿಗೆ ಒರಗಿ ಅಡಕೊತ್ತಿನಿಂದ ಅಡಕೆ ಕತ್ತರಿಸತೊಡಗಿದರು.

ಮೊದಲು ಗುಂಡು ತುಂಬುವ ಡಬ್ಬಿ ತೆಗೆದಿಟ್ಟ. ಒಳಗೆ ಗುಂಡು ಉಳಿದಿಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ನೋಡಿದ. ಕಡ್ಡಿಗೆ ಬಟ್ಟೆ ಸುತ್ತಿ, ಎಣ್ಣೆ ಅದ್ದಿ ನಳಿಗೆಯಲ್ಲಿ ಆಡಿಸಿದ. ಬಟ್ಟೆ ಕಪ್ಪಾಗಿ ಬಂತು, ಆಮೇಲೆ ಬೂದಾಗಿ, ಕೊನೆಗೆ ಬಿಳಿಯಾಗಿಯೇ ಬಂತು. ಬೆಳಕಿಗೆ ಹಿಡಿದ. ತುಕ್ಕಿಲ್ಲ, ಸೀಸ ಮೆತ್ತಿಲ್ಲ. ದುರುಗಪ್ಪ ಅವನ ಕೈಯನ್ನೇ ನೋಡುತ್ತಿದ್ದ. ವಿರುಪಣ್ಣ ಓರೆಗಣ್ಣಿನಿಂದ ದುರುಗಪ್ಪನ ಕೈಯನ್ನು ನೋಡುತ್ತಿದ್ದ. ಹೋಗಿ ಬರುವ ಎರಡು ದಿನ ಪೆಟ್ಟಿಗೆ ಇದ್ದದ್ದು ಇವನ ತೊಡೆಯ ಮೇಲಲ್ಲವೇ?

ಕೊನೆಗೆ ಮಖ್ಖಿಗೆ ಬಂದ. ಅದರ ಬುಡದಿಂದ ನಳಿಗೆಯ ಮೇಲೆ ಹಾಯುವಂತೆ ಅರಗು ಬೆರೆಸಿದ ಬಿಳಿ ಬಣ್ಣದ ಗೆರೆಯೊಂದನ್ನು ಯಾರಿಗೂ ಹೇಳದೆ ಎಳೆದಿಟ್ಟಿದ್ದ. ಗೊಂಬೆಯ ಹುಬ್ಬಿನಷ್ಟು ಸಣ್ಣದು. ಈಗ ಗೆರೆ ಎರಡು ತುಂಡಾಗಿತ್ತು. ಮಖ್ಖಿ ಎಡಕ್ಕೆ ಸರಿದಿತ್ತು.

“ಊರು ಬಿಡೂ ಮುಂದ ಈ ಗೆರಿ ಕೂಡಿತ್ರಿ.”

“ನಿನ್ನ ಗೆರಿಗೆ ನೀನಽ ಸಾಕ್ಷಿ ಏನಪಾ?” ಎಂದ ದುರುಗಪ್ಪ.

ವಿರುಪಣ್ಣ ಇನ್ನಷ್ಟು ಬಾಗಿದ. ಮಖ್ಖಿಯ ಬಲಬದಿಗೆ ಹಳದಿ ಗೀಚು. “ಹಿತ್ತಾಳಿ ಬಡದೈತ್ರಿ.”

ಎಲ್ಲರ ಕಣ್ಣು ದುರುಗಪ್ಪನ ಸೊಂಟಪಟ್ಟಿಯ ಹಿತ್ತಾಳೆ ಬಿಲ್ಲೆಯ ಮೇಲೆ ಬಿತ್ತು. ಅವನು ಅದನ್ನು ಕೈಯಿಂದ ಮುಚ್ಚಿಕೊಂಡ. “ಯಪ್ಪಾ, ಪೆಟ್ಟಿಗಿ ಕೀಲಿ ಸಾಹೇಬ್ರ ಕಿಸೇದಾಗಽ ಇತ್ತು! ನಾ ತೆಗದಽ ಇಲ್ಲ!”

ಅಷ್ಟು ಹೊತ್ತು ಕಟಕಟ ಎನ್ನುತ್ತಿದ್ದ ಸಾಹೇಬರ ಅಡಕೊತ್ತು ನಿಂತಿತು. ಹಿತ್ತಾಳೆಯ ಅಡಕೊತ್ತು.

ವಿರುಪಣ್ಣನಿಗೆ ಹೊಳೆಯಿತು. ಮೊದಲ ಗುಂಡು ಬಲಕ್ಕೆ ಹೋಗಿರಬೇಕು, ಕೈ ನಡುಗಿಯೋ ಏನೋ. ಯಾರೋ ಮಖ್ಖಿ ಸರಿಸಿದ್ದಾರೆಂದು ತಿಳಿದು ಸಾಹೇಬರೇ ಅಡಕೊತ್ತಿನಿಂದ ಅದನ್ನು ಎಡಕ್ಕೆ ಬಡಿದಿದ್ದಾರೆ. ಆದರೆ ಗುಂಡು ಹೋದ ಕಡೆಗೇ ಮಖ್ಖಿ ಸರಿಸಬೇಕು. ಎಡಕ್ಕೆ ಬಡಿದಷ್ಟೂ ಗುಂಡು ಬಲಕ್ಕೇ ಹೋಗುತ್ತದೆ.

ಅದನ್ನು ಬಾಯಿಬಿಟ್ಟು ಹೇಳುವವರು ಯಾರು?

“ಗಾಡಿ ಕುಲುಕಾಟಕ್ಕ ಪೆಟ್ಟಿಗ್ಯಾಗ ಏನರ ಬಡದಿರಬೇಕ್ರಿ” ಎಂದ. ಪೆಟ್ಟಿಗೆಯೊಳಗೆ ಹಿತ್ತಾಳೆಯದು ಏನೂ ಇಲ್ಲವೆಂದು ಮೂವರಿಗೂ ಗೊತ್ತಿತ್ತು.

ಸಾಹೇಬರು ಅಡಕೊತ್ತನ್ನು ಕಿಸೆಗೆ ಇಳಿಸಿದರು. “ಇರಬಹುದು. ಸರಿ ಮಾಡು.” ಮತ್ತೆ ಅಂದರು: “ಇನ್ನಮ್ಯಾಲೆ ನನ್ನೆದುರಽ ಒರಸು. ಆ ಗೆರಿ ಅಳಸು. ನನ್ನ ಪಿಸ್ತೂಲಿಗೆ ನೀ ಕಾವಲ ಇಡಬ್ಯಾಡ.”

ವಿರುಪಣ್ಣ ಮಖ್ಖಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತನ್ನ ಜಾಗಕ್ಕೆ ತಂದ. ಗೆರೆಯನ್ನು ಅವರ ಕಣ್ಣೆದುರೇ ಒರೆಸಿದ. ನೌಕರಿ ಉಳಿಯಿತು.

ಮರುವಾರ ಪಿಸ್ತೂಲು ಒರೆಸುವಾಗ ಸಾಹೇಬರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಚಹಾ ತರುವಂತೆ ಕೂಗಲು ಅವರು ಬಾಗಿಲ ಕಡೆ ಹೊರಳಿದರು. ಅಷ್ಟರಲ್ಲಿ ವಿರುಪಣ್ಣನಿಗೆ ಒಂದು ಹುಬ್ಬು ಬರೆಯುವಷ್ಟು ಹೊತ್ತು ಸಿಕ್ಕಿತು. ಈ ಸಲ ದೀಪದ ಮಸಿಯ ಗೆರೆ ಎಳೆದ. ಕಪ್ಪು ನಳಿಗೆಯ ಮೇಲೆ ಕಪ್ಪು. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದು.