ಮಳೆಗೆ ಬಾಯಿ ತೆರೆದ ಮೆಣಸಿನ ಬಾನಿಗಳು

ಪಿಶಿಯೆನ್ ಸೀಮೆಯ ಸುಬಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆ ಸಿಟ್ಟು ಬರಿಸಿದವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವನ ಹೆಸರು ಮಾವೊಲಿನ್, ಅವಳ ಗಂಡ.

ಬೇಸಿಗೆ ಮುಗಿಯುತ್ತಿದ್ದಂತೆ ಸುಬಿ ಎರ್‌ಜಿಂಗ್‌ಟಿಯಾವೊ ಮೆಣಸಿನಕಾಯಿ ಕೊಳ್ಳುತ್ತಾಳೆ. ಕಾಯಿ ಬೆರಳಿಗಿಂತ ಉದ್ದವಿರಬೇಕು, ತುದಿ ಕೊಕ್ಕೆಯಂತೆ ಬಾಗಿರಬೇಕು. ಇಲ್ಲದಿದ್ದರೆ ಮಾರುವವನಿಗೆ ಮಂಗಳಾರತಿ ಎತ್ತಿಯೇ ಬರುವವಳು. ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ಮರದ ತೊಟ್ಟಿಯಲ್ಲಿ ಕೊಚ್ಚಿ, ಉಪ್ಪು ಹಾಕಿ, ಹುದುಗು ಬಂದ ಬೀನ್ಸ್ ಕಾಳಿನ ಜೊತೆ ಮಣ್ಣಿನ ಬಾನಿಗಳಿಗೆ ತುಂಬುತ್ತಾಳೆ. ಆಮೇಲೆ ವರ್ಷವಿಡೀ ಅಂಗಳದಲ್ಲಿ ಅವುಗಳ ಚಾಕರಿ. ಹಗಲು ಬಿಸಿಲು ತಾಗಬೇಕು, ರಾತ್ರಿ ಇಬ್ಬನಿ ಬೀಳಬೇಕು, ದಿನವೂ ತಿರುವಿಹಾಕಬೇಕು. ಮಳೆನೀರು ಮಾತ್ರ ಸೋಕಕೂಡದು. ಸೋಕಿದರೆ ಬೂಷ್ಟು ಹಿಡಿದು ಬಾನಿಯೇ ಹಾಳು. ಈ ಮೆಣಸಿನ ಹಿಂಡಿ ಇಲ್ಲದೆ ಅವಳ ಮನೆಯಲ್ಲಾಗಲಿ, ಇಬ್ಬರು ಹೆಣ್ಣುಮಕ್ಕಳ ಮನೆಯಲ್ಲಾಗಲಿ ಒಲೆಯ ಮೇಲೆ ಬಾಣಲೆ ಏರುವುದಿಲ್ಲ.

ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡ ದಿನ ಸುಬಿ ತವರಿಗೆ ಓಡಿದಳು. ಮೋಡ ಕಂಡರೆ ಬಿದಿರಿನ ಮುಚ್ಚಳ ಹಾಕೆಂದು ಗಂಡನಿಗೆ ಹೇಳಿಯೇ ಹೋದಳು. ಅವನು ಹೂಂಗುಟ್ಟಿದ. ಮೂವರು ಗೆಳೆಯರನ್ನು ಕರೆದು ಅಂಗಳದಲ್ಲೇ ನಾಲ್ವರು ಕಾಯಿ ಜೋಡಿಸಿ ಆಡುವ ಮಾಜಾಂಗ್ ಆಟಕ್ಕೆ ಕೂತ. ಮಧ್ಯಾಹ್ನ ಮಳೆ ಹೊಯ್ಯಿತು.

ಸಂಜೆ ಬಂದು ನೋಡಿದರೆ ಬಾನಿಗಳಲ್ಲಿ ನೀರು ನಿಂತಿತ್ತು. ಮಾಜಾಂಗ್ ಮೇಜು ಮಾತ್ರ ಒಣಗಿಯೇ ಇತ್ತು. ಅದು ನೆನೆಯಬಾರದೆಂದು ನಾಲ್ವರೂ ಸೇರಿ ನಡುಮನೆಗೆ ಹೊತ್ತು ತಂದು ಆಟ ಮುಂದುವರಿಸಿದ್ದರು. ಸುಬಿಯ ಪಿತ್ತ ನೆತ್ತಿಗೇರಿತು. ಯಾರಿಗೆ ತಾನೇ ಏರದು? ಮೇಜು ಎತ್ತಲು ಅಷ್ಟು ಕೈಗಳಿದ್ದವು, ಮುಚ್ಚಳಕ್ಕೆ ಒಂದೂ ಇರಲಿಲ್ಲ.

"ನೀನೇ ಮುಚ್ಚಿಟ್ಟು ಹೋಗ್ಬೇಕಿತ್ತು," ಎಂದ ಮಾವೊಲಿನ್. "ಬಾನಿ ನೋಡ್ಕೊಳ್ಳೋದು ನಿನ್ ಕೆಲ್ಸ ಅಲ್ವಾ?"

ನೀರು ಹೊಕ್ಕ ಬಾನಿಗಳನ್ನೆಲ್ಲ ಸುಬಿ ಅವನ ಕಣ್ಣೆದುರೇ ತಿಪ್ಪೆಗೆ ಸುರಿದಳು. ಸೂರಿನ ಮರೆಯಲ್ಲಿದ್ದ ಒಂದೇ ಒಂದು ಬಾನಿ ಬಚಾವಾಗಿತ್ತು. ಅದನ್ನು ಬಿಸಿಲಿಗೆಂದು ಅಂಗಳದ ನಡುವೆ ಎಳೆದಿಟ್ಟಳು. ಗಂಡನೊಡನೆ ಮಾತು ಬಿಟ್ಟಳು.

ಕೆಲವು ದಿನ ಕಳೆದ ಮೇಲೆ ನಡುಮನೆಯ ಆಟಕ್ಕೆ ಒಬ್ಬ ಆಟಗಾರ ಬರಲಿಲ್ಲ. ಸುಬಿ ಬಂದು ಅವನ ಕುರ್ಚಿಯಲ್ಲಿ ಕೂತಳು. ಗಂಡಸರು ಮುಖ ಮುಖ ನೋಡಿಕೊಂಡು ನಕ್ಕರು. ಆಟ ಅರ್ಧವಾಗುವಷ್ಟರಲ್ಲಿ ಹೊರಗೆ ಹನಿ ಬಿದ್ದ ಸದ್ದಾಯಿತು. ಅವಳ ಕಾಲುಗಳು ತಾವಾಗಿಯೇ ಎದ್ದು ಓಡಹೊರಟವು. ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಉಳಿದದ್ದು ಅದೊಂದೇ ಬಾನಿ. ಹೋದರೆ ಹೋಗಲಿ ಎಂದು ಹಲ್ಲು ಕಚ್ಚಿದಳು.

"ಮಳೆ ಬಂತು ಕಣೇ," ಎಂದ ಮಾವೊಲಿನ್.

"ನಂಗೂ ಕಿವಿ ಇದೆ."

"ಮತ್ತೆ ಬಾನಿ?"

"ನಾನು ಆಡ್ತಿದ್ದೀನಿ. ಕಾಣ್ಸಲ್ವಾ?"

ಅವನು ಗೊಣಗುತ್ತ ಎದ್ದು ಬರಿಗಾಲಲ್ಲೇ ಓಡಿದ. ಪಕ್ಕದವನು ತನ್ನ ಕಾಯಿ ಕೆಳಗಿಡುವ ಮೊದಲೇ ಮುಚ್ಚಳ ಹಾಕಿ ವಾಪಸು ಬಂದಿದ್ದ.

"ಇಷ್ಟೇ ತಾನೇ ಕೆಲ್ಸ?" ಎಂದ, ತಲೆಯ ನೀರು ಕೊಡವುತ್ತ. "ಇದಕ್ಕಾ ಇಷ್ಟು ದಿನ ಮುಖ ಊದಿಸ್ಕೊಂಡಿದ್ದಿದ್ದು?"

ಸುಬಿ ತನ್ನ ಕಾಯಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇಷ್ಟೇ," ಎಂದಳು. "ಅವತ್ತೂ ಇಷ್ಟೇ ಇತ್ತು."